ಸೊಂಟದ ಸುತ್ತ ಒಂದು ಪ್ರವಾಸ

ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಹೊರಟ ರೈಲುಗಾಡಿಯಲ್ಲಿ ಕಿಟಕಿಯ ಬದಿಗೆ ಕುಳಿತವರಿಗೆ ಸ್ವಲ್ಪ ಹೊತ್ತಿನಲ್ಲಿಯೇ ಕುಂದಗೋಳದ ಎರೆಭೂಮಿ ಎದುರಾಗುತ್ತದೆ. ಸಂಕ್ರಾಂತಿಯ ಆಸುಪಾಸಿನಲ್ಲಿ ಬಂದರಂತೂ ಕಣ್ಣಿಗೆ ಹಬ್ಬ. ತೆನೆ ಬಾಗಿದ ಬಿಳಿಜೋಳ, ನೆಲಕ್ಕೆ ಅಂಟಿಕೊಂಡ ಕಡಲೆ, ಒಡೆದ ಹತ್ತಿ, ಕಣದ ತುಂಬ ಹರವಿದ ಕೆಂಪು ಮೆಣಸಿನಕಾಯಿ. ಊರೊಳಗೆ ಚಾಲುಕ್ಯರ ಕಾಲದ ಶಂಭುಲಿಂಗ ದೇವಾಲಯವಿದೆ, ನಾಡಿಗೇರರ ವಾಡೆಯಿದೆ. ಎಲ್ಲಕ್ಕೂ ಮಿಗಿಲಾಗಿ ರಾಮಭಾವು ಕುಂದಗೋಳಕರ, ಅಂದರೆ ಸವಾಯಿ ಗಂಧರ್ವರ (1886–1952) ಹೆಸರಿದೆ. ಗಂಗೂಬಾಯಿ ಹಾನಗಲ್ಲರು 1930ರ ದಶಕದ ಕೊನೆಯ ವರ್ಷಗಳಲ್ಲಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಇಲ್ಲಿಗೆ ಬಂದು ಪಾಠ ಹೇಳಿಸಿಕೊಂಡು ಹಿಂದಿರುಗುತ್ತಿದ್ದರು. ಭೀಮಸೇನ ಜೋಶಿಯವರು ಇದೇ ಊರಿನಲ್ಲಿ ಗುರುಗಳ ಮನೆಗೆ ನೀರು ಹೊತ್ತು ಸ್ವರ ಕಲಿತರು.

ಅದೇ ದಾರಿಯಲ್ಲಿ, ತಿರುವು ದಿಕ್ಕಿಗೆ, ನಾನೂ ನನ್ನ ತಂಗಿಯ ಮಗಳೂ ಪ್ರಯಾಣ ಮಾಡಿದೆವು. ನಾವು ಹೊರಟದ್ದು ಸ್ವರ ಕಲಿಯುವುದಕ್ಕಲ್ಲ, ಸೊಂಟ ಕರಗಿಸುವುದಕ್ಕೆ.

ಕಾರಣ ಎರಡು. ನನ್ನದು ಮೊಣಕಾಲಿನ ನೋವು. ವೈದ್ಯರು ಟೇಪು ಹಿಡಿದು ಅಳೆದು, ನಮ್ಮ ದೇಶದ ಹೆಂಗಸರಿಗೆ ಸೊಂಟದ ಸುತ್ತಳತೆ 80 ಸೆಂಟಿಮೀಟರು ದಾಟಿದರೆ ಸಕ್ಕರೆ ರೋಗಕ್ಕೂ ಹೃದಯದ ಬೇನೆಗೂ ಬಾಗಿಲು ತೆರೆದಂತೆ ಎಂದು ಹೇಳಿ ಕಳಿಸಿದ್ದರು. ನನ್ನ ಅಳತೆಯನ್ನು ಓದುಗರು ಕೇಳಬಾರದು. ಹುಡುಗಿಯ ಕಾರಣ ಬೇರೆ. ಬಿ.ಎ. ಮುಗಿಸಿದ, ನಗುಮುಖದ, ಮೈತುಂಬಿಕೊಂಡ ಹುಡುಗಿ ಅವಳು. ನೋಡಲು ಬಂದ ವರನ ಕಡೆಯವರು ಅವಲಕ್ಕಿ, ಚಹ ಎಲ್ಲ ಮುಗಿಸಿ ಹೋಗಿ, ಮರುದಿನ ಮಧ್ಯಸ್ಥರ ಮೂಲಕ ಒಂದು ಮಾತು ಕಳಿಸಿದ್ದರು: “ಹುಡುಗಿ ಛಲೋ ಅದಾಳ್ರಿ. ಒಂದಿಷ್ಟು ಮೈ ಇಳಿಸಿಕೊಂಡ್ರ ಮುಂದಿನ ಮಾತು.” ಅಂದಿನಿಂದ ಅವಳು ರಾತ್ರಿಯ ರೊಟ್ಟಿ ಬಿಟ್ಟಿದ್ದಳು. ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಿದ್ದಳು. ನನಗೆ ಕಳವಳ ಹುಟ್ಟಿಸಿದ್ದು ಈ ಎರಡನೆಯ ಸಂಗತಿ. ಹುಬ್ಬಳ್ಳಿಯ ಒಂದು ಸೌಂದರ್ಯ ಮಂದಿರದ ಜಾಹೀರಾತನ್ನು ಮೊಬೈಲಿನಲ್ಲಿ ತೋರಿಸಿ, “ದೊಡ್ಡವ್ವಾ, ನೀನೂ ಬಾ” ಎಂದಾಗ ನಾನು ಒಲ್ಲೆ ಎನ್ನಲಿಲ್ಲ. ಅವಳನ್ನು ಒಬ್ಬಳನ್ನೇ ಕಳಿಸುವ ಮನಸ್ಸಿರಲಿಲ್ಲ.

ಮೈ ಕರಗಿಸುವ ವಿದ್ಯೆ ನಮ್ಮ ನಾಡಿಗೆ ಹೊಸದೆಂದು ಯಾರೂ ತಿಳಿಯಬಾರದು. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯವು ಜನರು ಆಡಿಕೊಳ್ಳುವ ಎಂಟು ಬಗೆಯ ದೇಹಗಳನ್ನು ಹೇಳಿ, ಅವುಗಳಲ್ಲಿ ಅತಿಸ್ಥೂಲ ಮತ್ತು ಅತಿಕೃಶ ಎಂಬ ಎರಡನ್ನು ವಿಸ್ತಾರವಾಗಿ ವಿಚಾರಿಸುತ್ತದೆ. ಸ್ಥೂಲರಿಗೆ ಅದು ಹೇಳುವ ಉಪಾಯಗಳು ಜವೆಗೋಧಿ, ಜೇನುತುಪ್ಪ, ನಿದ್ರೆಯಲ್ಲಿ ಮಿತಿ, ವ್ಯಾಯಾಮ, ಒಣ ಪುಡಿಯಿಂದ ಮೈಯುಜ್ಜುವ ಉದ್ವರ್ತನ. ಹುರುಳಿಯ ಹಿಟ್ಟಿನಿಂದ ಮೈಯುಜ್ಜುವುದನ್ನು ಆಯುರ್ವೇದದ ಆಸ್ಪತ್ರೆಗಳಲ್ಲಿ ಇಂದಿಗೂ ಕಾಣಬಹುದು. ನಮ್ಮ ಕಡೆಯ ಬಾಣಂತಿತನವೂ ಒಂದು ಬಗೆಯ ಚಿಕಿತ್ಸೆಯೇ ಅಲ್ಲವೆ? ಎಣ್ಣೆ ತಿಕ್ಕಿ ಸುಡುನೀರು ಹಾಕಿ, ಹಳೆಯ ಸೀರೆಯಿಂದ ಹೊಟ್ಟೆ ಬಿಗಿದು ಕಟ್ಟಿ, ಹೊರಸಿನ ಕೆಳಗೆ ಕೆಂಡವಿಟ್ಟು ಕಾಯಿಸುತ್ತಿದ್ದರು. ಆದರೆ ಹೊಟ್ಟೆ ಕಟ್ಟಿದ ಕೈಯೇ ಮಧ್ಯಾಹ್ನಕ್ಕೆ ಅಂಟಿನುಂಡಿಯನ್ನು ತುಪ್ಪದೊಡನೆ ತಿನ್ನಿಸುತ್ತಿತ್ತು. ಬಾಣಂತಿ ತೆಳ್ಳಗಾಗಬೇಕೆಂಬುದು ಯಾರ ಉದ್ದೇಶವೂ ಆಗಿರಲಿಲ್ಲ, ಗಟ್ಟಿಯಾಗಬೇಕೆಂಬುದಿತ್ತು.

ಇನ್ನು ಸೌಂದರ್ಯ ಮಂದಿರದ ವಿಷಯ. ಹೆಸರು ಬೇಡ. ಗಾಜಿನ ಬಾಗಿಲು, ತಣ್ಣನೆಯ ಗಾಳಿ, ಗೋಡೆಯ ಮೇಲೆ ಮೊದಲು ಮತ್ತು ಅನಂತರ ಎಂಬ ಜೋಡಿ ಚಿತ್ರಗಳು. ಮೊದಲಿನ ಚಿತ್ರದಲ್ಲಿ ಹೆಂಗಸರು ಯಾರೂ ನಕ್ಕಿರಲಿಲ್ಲ. ಅನಂತರದ ಚಿತ್ರದಲ್ಲಿ ಎಲ್ಲರೂ ನಕ್ಕಿದ್ದರು. ಹತ್ತು ಸಲದ ಪ್ಯಾಕೇಜಿಗೆ ಅವರು ಹೇಳಿದ ಹಣ ಒಂದು ಕ್ವಿಂಟಲ್ ಬ್ಯಾಡಗಿ ಮೆಣಸಿನಕಾಯಿಯ ಧಾರಣೆಗೆ ಸಮೀಪವಿತ್ತು. ಒಂದು ಸಲ ನೋಡುತ್ತೇವೆ ಎಂದು ಬಹಳ ಹೊತ್ತು ಚೌಕಾಸಿ ಮಾಡಿದ ಮೇಲೆ ಒಪ್ಪಿದರು.

ಮೊದಲು ತೂಕ, ಆಮೇಲೆ ಅಳತೆ. ಕೆಲಸದ ಹುಡುಗಿ ಹತ್ತಿರದ ಹಳ್ಳಿಯವಳು, ಮಾತಿನಲ್ಲಿಯೇ ತಿಳಿಯಿತು. “ಉಸಿರು ಬಿಡ್ರಿ ಅಮ್ಮಾರ” ಎಂದು ಟೇಪನ್ನು ಹೊಕ್ಕುಳ ಮೇಲೆ ಸಡಿಲವಾಗಿ ಸುತ್ತಿ ಬರೆದುಕೊಂಡಳು. ಬಳಿಕ ಉಗಿಯ ಪೆಟ್ಟಿಗೆ. ಒಳಗೆ ಕುಳಿತರೆ ತಲೆಯೊಂದೇ ಹೊರಗೆ. ಎದುರಿನ ಕನ್ನಡಿಯಲ್ಲಿ ನನ್ನ ತಲೆ ಸಂತೆಯಲ್ಲಿ ಬುಟ್ಟಿಯ ಮೇಲಿಟ್ಟ ಕುಂಬಳಕಾಯಿಯಂತೆ ಕಾಣುತ್ತಿತ್ತು. ಪಕ್ಕದ ಪೆಟ್ಟಿಗೆಯ ತಲೆ ನನ್ನನ್ನು ನೋಡಿ ಮೊದಲ ಬಾರಿಗೆ, ಎಷ್ಟೋ ದಿನಗಳ ಮೇಲೆ, ಗಟ್ಟಿಯಾಗಿ ನಕ್ಕಿತು. ಆ ನಗೆಯೊಂದಕ್ಕೆ ಕೊಟ್ಟ ಹಣ ಸಂದಿತೆಂದು ನಾನು ಲೆಕ್ಕ ಹಾಕಿಕೊಂಡೆ.

ಆಮೇಲೆ ಅಲುಗಾಡುವ ಪಟ್ಟಿ. ಸೊಂಟಕ್ಕೆ ಅಗಲವಾದ ಪಟ್ಟಿ ಹಾಕಿ ಗುಂಡಿ ಒತ್ತಿದರೆ ಮೈಯ ಮಾಂಸವೆಲ್ಲ ಗಡಗಡ ನಡುಗುತ್ತದೆ. ಎತ್ತಿನ ಗಾಡಿಯಲ್ಲಿ ಎರೆಮಣ್ಣಿನ ದಾರಿ ಹಿಡಿದು ಹೋದವರಿಗೆ ಈ ಸುಖ ಹೊಸದಲ್ಲ. ಯಂತ್ರದಿಂದ ಮೈ ಪಳಗಿಸುವ ಕಲ್ಪನೆಗೂ ಒಂದು ವಂಶಾವಳಿಯಿದೆ. ಸ್ವೀಡನ್ ದೇಶದ ಗುಸ್ತಾವ್ ಜಾಂಡರ್ ಎಂಬ ವೈದ್ಯರು 1860ರ ದಶಕದಲ್ಲಿಯೇ ಸ್ಟಾಕ್‌ಹೋಮಿನಲ್ಲಿ ಇಂಥ ಯಂತ್ರಗಳ ಶಾಲೆ ತೆರೆದಿದ್ದರು. 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನ ವ್ಯಾಯಾಮಶಾಲೆಯಲ್ಲಿ ವಿದ್ಯುತ್ತಿನಿಂದ ಕುಣಿಯುವ ಒಂಟೆಯೊಂದು ಇದ್ದಿತು. ಶ್ರಮಪಡುವುದು ಯಂತ್ರ, ಇಳಿಯಬೇಕಾದುದು ನಮ್ಮ ಮೈ ಎಂಬ ಆಸೆಗೆ ನೂರೈವತ್ತು ವರ್ಷಗಳಾದರೂ ವಯಸ್ಸಾಗಿದೆ ಎಂದಾಯಿತು.

ಕೊನೆಗೆ ಲೇಪ ಹಚ್ಚಿ, ಪ್ಲಾಸ್ಟಿಕ್ಕಿನ ಹಾಳೆ ಸುತ್ತಿ, ಮೇಲೆ ಬಿಸಿಯ ಕಂಬಳಿ ಹೊದಿಸಿ ಮಲಗಿಸಿದರು. ದೀಪ ಸಣ್ಣದಾಯಿತು. ಎಲ್ಲಿಯೋ ಕೊಳಲಿನ ಧ್ವನಿಮುದ್ರಣ. ಮುಕ್ಕಾಲು ತಾಸು ನನ್ನನ್ನು ಯಾರೂ ಕರೆಯಲಿಲ್ಲ. ಹಾಲು ಉಕ್ಕಲಿಲ್ಲ, ನಳಕ್ಕೆ ನೀರು ಬಂದಿತೆಂದು ಯಾರೂ ಕೂಗಲಿಲ್ಲ, “ನನ್ನ ಚಸ್ಮಾ ಎಲ್ಲಿ ಇಟ್ಟೀ?” ಎಂಬ ಪ್ರಶ್ನೆ ಬರಲಿಲ್ಲ. ಮದುವೆಯಾದ ಮೇಲೆ ಹಗಲು ಹೊತ್ತಿನಲ್ಲಿ, ಜ್ವರವಿಲ್ಲದೆ, ಇಷ್ಟು ಹೊತ್ತು ಮಲಗಿದ ನೆನಪು ನನಗಿಲ್ಲ. ಸುತ್ತಲಿನ ಮಂಚಗಳಲ್ಲಿ ನನ್ನ ವಯಸ್ಸಿನ ನಾಲ್ಕಾರು ಹೆಂಗಸರು ಹಾಯಾಗಿ ಗೊರಕೆ ಹೊಡೆಯುತ್ತಿದ್ದರು. ಈ ಮಂದಿರಗಳು ಮಾರುವ ನಿಜವಾದ ಸರಕು ಯಾವುದೆಂದು ನನಗೆ ಅಲ್ಲಿ ಹೊಳೆಯಿತು. ಅವರು ಅದನ್ನು ಜಾಹೀರಾತಿನಲ್ಲಿ ಬರೆಯುವುದಿಲ್ಲ, ಅಷ್ಟೆ.

ಎದ್ದ ಮೇಲೆ ಮತ್ತೆ ತೂಕ: 600 ಗ್ರಾಂ ಕಡಿಮೆ! ಮತ್ತೆ ಅಳತೆ: ಎರಡು ಸೆಂಟಿಮೀಟರು ಕಡಿಮೆ! ಈ ಸಲ ಟೇಪು ಹೊಕ್ಕುಳಿಗಿಂತ ತುಸು ಮೇಲೆ ಹತ್ತಿದ್ದಿತು, ಹಿಡಿತವೂ ಬಿಗಿಯಾಗಿದ್ದಿತು. ನಾನು ನೋಡಿದ್ದನ್ನು ಹುಡುಗಿಯೂ ನೋಡಿದಳು. ನನ್ನ ಕಣ್ಣು ತಪ್ಪಿಸಿ, “ಹಿಂಗ ಅಳೀಬೇಕಂತ ಹೇಳ್ಯಾರ್ರಿ” ಎಂದಳು. ಅವಳ ಸಂಬಳದ ಮೇಲೆ ಕಲ್ಲು ಹಾಕುವುದು ಬೇಡವೆಂದು ಸುಮ್ಮನಾದೆ.

ಹಿಂದಿರುಗುವಾಗ ರೈಲು ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಗಿರಮಿಟ್ಟು, ಮಿರ್ಚಿ ಭಜಿಯ ಬಂಡಿ. ಉಗಿಯ ಪೆಟ್ಟಿಗೆಯಿಂದ ಹೊರಬಂದವರಿಗೆ ಹುಟ್ಟುವ ಹಸಿವು ಸಾಮಾನ್ಯವಾದುದಲ್ಲ. ನಾನು ತಿಂದೆ, ಹುಡುಗಿ ನೀರು ಮಾತ್ರ ಕುಡಿದಳು, ಒಂದು ದೊಡ್ಡ ಬಾಟಲಿ. ಮರುದಿನ ಬೆಳಿಗ್ಗೆ ಮನೆಯ ಹತ್ತಿರದ ಮೆಣಸಿನಕಾಯಿ ವ್ಯಾಪಾರಿಯ ಅಂಗಡಿಯಲ್ಲಿ, ಹಮಾಲರು ಬರುವ ಮುಂಚೆ, ಕಾಟಾದ ಮೇಲೆ ಇಬ್ಬರೂ ನಿಂತು ನೋಡಿದೆವು. ಘಾಟಿಗೆ ಸೀನುತ್ತ ಸೀನುತ್ತ ಓದಿದ ಅಂಕಿ ಹಿಂದಿನ ದಿನ ಮಂದಿರದಲ್ಲಿ ಮೊದಲು ತೂಗಿದ ಅಂಕಿಯೇ ಆಗಿದ್ದಿತು.

ಇದರಲ್ಲಿ ಮಾಯೆಯೇನೂ ಇಲ್ಲ. ಬೆವರಿನಲ್ಲಿ ಹೋದದ್ದು ನೀರು. ಕುಡಿದೊಡನೆ ಅದು ತನ್ನ ಸ್ಥಾನಕ್ಕೆ ಮರಳುತ್ತದೆ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲೊರಿ ಶಕ್ತಿ ಅಡಗಿದೆ. ಒಂದು ತಾಸು ಬಿರುಸಾಗಿ ನಡೆದರೆ ಖರ್ಚಾಗುವುದು ಮುನ್ನೂರರ ಆಸುಪಾಸು. ಮೈಯುಜ್ಜಿದರೆ, ಅಲುಗಾಡಿಸಿದರೆ, ಲೇಪ ಹಚ್ಚಿದರೆ ಕೊಬ್ಬು ಆ ಜಾಗ ಬಿಟ್ಟು ಹೋಗುವುದಿಲ್ಲ. ಕೊಬ್ಬಿನ ಕೋಶಗಳನ್ನು ಹೆಪ್ಪುಗಟ್ಟಿಸಿ ಕೊಲ್ಲುವ ಶೀತಯಂತ್ರವೊಂದಿದೆ. ಅಮೆರಿಕೆಯಲ್ಲಿ 2010ರಲ್ಲಿ ಅದಕ್ಕೆ ಅನುಮತಿ ದೊರೆಯಿತು. ಅದು ಅಲ್ಪಸ್ವಲ್ಪ ಕೆಲಸ ಮಾಡುವುದುಂಟು. ಅಪರೂಪಕ್ಕೆ ತಿರುಗುಬಾಣವಾಗಿ ಕೊಬ್ಬು ಅಲ್ಲಿಯೇ ಗಡ್ಡೆಯಾಗಿ ಬೆಳೆಯುವುದೂ ಉಂಟು. ಕೆನಡಾದ ಪ್ರಸಿದ್ಧ ರೂಪದರ್ಶಿ ಲಿಂಡಾ ಇವಾಂಜೆಲಿಸ್ಟಾ ತಮಗೆ ಹೀಗಾಯಿತೆಂದು 2021ರಲ್ಲಿ ಲೋಕದ ಮುಂದೆ ಹೇಳಿಕೊಂಡರು.

ಇಷ್ಟು ತಿಳಿದರೆ ಹುಡುಗಿ ಮನಸ್ಸು ತಿರುಗಿಸಿಯಾಳೆಂದು ನಾನು ನಂಬಿದ್ದೆ. ಹಾಗಾಗಲಿಲ್ಲ. ಒಂದು ವಾರದ ಮೇಲೆ, ರೊಟ್ಟಿ ತಟ್ಟುತ್ತ, “ದೊಡ್ಡವ್ವಾ, ಬೆಂಗಳೂರಾಗ ಆಪರೇಶನ್ ಮಾಡಿ ತಗೀತಾರಂತ. ಒಂದ ದಿನದ ಕೆಲಸಂತ” ಎಂದಳು. ನನ್ನ ಕೈಯೊಳಗಿನ ಮೊರ ಅಲ್ಲಿಯೇ ನಿಂತಿತು.

2022ರ ಮೇ ತಿಂಗಳಿನಲ್ಲಿ ಬೆಂಗಳೂರಿನ ಖಾಸಗಿ ಚಿಕಿತ್ಸಾಲಯವೊಂದಕ್ಕೆ ಕೊಬ್ಬು ತೆಗೆಸಿಕೊಳ್ಳಲು ಹೋದ ಕಿರುತೆರೆಯ ನಟಿ ಚೇತನಾ ರಾಜ್ ಮನೆಗೆ ಮರಳಲಿಲ್ಲ. ವಯಸ್ಸು 21. ನಮ್ಮ ಮನೆಯ ಹೆಂಗಸರು ಸಂಜೆಯ ಧಾರಾವಾಹಿಗಳಲ್ಲಿ ನೋಡಿದ್ದ ಮುಖ ಅದು. ಹುಡುಗಿಗೆ ಇದು ಗೊತ್ತಿರಲಿಲ್ಲವೆಂದಲ್ಲ, ಗೊತ್ತಿತ್ತು. ಗೊತ್ತಿದ್ದೂ ಕೇಳಿದಳು. ಯಾರೋ ಅವಲಕ್ಕಿ ತಿಂದು ಹೋದವರು ಆಡಿದ ಒಂದು ಮಾತಿಗೆ ಅಷ್ಟು ಬಲವಿದ್ದಿತು. ಅಂದು ರಾತ್ರಿ ಅವಳ ತಾಯಿ, ನಾನು, ಅವಳು, ಮೂವರೂ ಕುಳಿತು ಬಹಳ ಹೊತ್ತು ಮಾತನಾಡಿದೆವು. ಒಬ್ಬರಾದ ಮೇಲೆ ಒಬ್ಬರು ಅತ್ತೆವು. ಬೆಂಗಳೂರಿನ ಮಾತು ನಿಂತಿತು. ವರನ ಕಡೆಯವರಿಗೆ ನಮ್ಮಿಂದ ಉತ್ತರ ಹೋಗಲಿಲ್ಲ.

ನನ್ನ ತಾಯಿಯ ಕಾಲದಲ್ಲಿ ಕುಂದಗೋಳದ ಹೆಂಗಸು ಬೆಳಗಿನ ಜಾವ ಬೀಸುಕಲ್ಲಿನ ಮುಂದೆ ಕುಳಿತು ಮನೆಮಂದಿಗೆಲ್ಲ ಜೋಳ ಬೀಸಿ, ಬಾವಿಯಿಂದ ಕೊಡ ಹೊತ್ತು, ಹೊಲಕ್ಕೆ ಬುತ್ತಿ ಒಯ್ಯುತ್ತಿದ್ದಳು. ಆ ದಿನಗಳು ಮರಳಲಿ ಎಂದು ನಾನು ಹೇಳಲಾರೆ. ಆ ಶ್ರಮದಲ್ಲಿ ಸವೆದ ತಾಯಂದಿರ ಬೆನ್ನುಗಳನ್ನು ನಾನು ಕಂಡಿದ್ದೇನೆ. ಗಿರಣಿ ಬಂದಿತು, ನಳ ಬಂದಿತು, ಒಳ್ಳೆಯದಾಯಿತು. ಆದರೆ ಬಾವಿಗೆ ಹೋಗುವ ದಾರಿ ಹೋಯಿತು, ಅದರ ಬದಲಿಗೆ ಹೆಂಗಸು ನಡೆಯುವ ಬೇರೊಂದು ದಾರಿ ಊರಿನಲ್ಲಿ ಹುಟ್ಟಲಿಲ್ಲ. ಗಂಡಸು ಬರಿಗೈಯಲ್ಲಿ ನಡೆದರೆ ಅದು ಆರೋಗ್ಯ. ಹೆಂಗಸು ಬರಿಗೈಯಲ್ಲಿ ನಡೆದರೆ ಕಟ್ಟೆಯ ಮೇಲಿನ ಹಿರಿಯರೆಲ್ಲ, “ಯಾಕವ್ವಾ, ಎಲ್ಲಿಗೆ ಹೊಂಟೀ?” ಎಂದು ಕೇಳುತ್ತಾರೆ. ಉತ್ತರ ಹೇಳುವುದಕ್ಕೆ ಕೈಯಲ್ಲಿ ಏನಾದರೂ ಇರಬೇಕು.

ಈಗ ಐದು ಗಂಟೆಗೆ, ಇನ್ನೂ ಕತ್ತಲೆಯಿರುವಾಗ, ನಾವು ಏಳೆಂಟು ಹೆಂಗಸರು ಶೆರೇವಾಡದ ಕಡೆಯ ರಸ್ತೆ ಹಿಡಿದು ಹೊರಡುತ್ತೇವೆ. ನಾನು ಮೊಣಕಾಲನ್ನು ಸಂತೈಸುತ್ತ ಹಿಂದೆ ಉಳಿಯುತ್ತೇನೆ; ತಂಗಿಯ ಮಗಳು ಎಲ್ಲರಿಗಿಂತ ಮುಂದೆ. ಕಡಲೆಯ ಹೊಲದ ಮೇಲೆ ಇಬ್ಬನಿ ಇರುತ್ತದೆ, ದೂರದಲ್ಲಿ ರೈಲು ಕೂಗುತ್ತದೆ. ಕೆಲವರ ಕೈಯಲ್ಲಿ ಚೀಲ, ಕೆಲವರ ಕೈಯಲ್ಲಿ ಹೂವಿನ ಬುಟ್ಟಿ. ಹುಡುಗಿಯ ಕೈಯಲ್ಲಿ ಹಾಲಿನ ಕ್ಯಾನು. ಮೂರು ತಿಂಗಳಾದುವು, ಅದಕ್ಕೆ ಇನ್ನೂ ಒಮ್ಮೆಯೂ ಹಾಲು ಹಾಕಿಸಿಲ್ಲ.