ಹಳೆಯ ವಿಳಾಸಗಳು

ನನ್ನ ಮೇಜಿನ ಖಾನೆಯಲ್ಲಿ ಕೆಂಪು ರಟ್ಟಿನ ವಿಳಾಸದ ಪುಸ್ತಕವೊಂದಿದೆ. ನಲವತ್ತು ವರ್ಷಗಳಿಂದ ಅದರಲ್ಲಿ ಬರೆಯುತ್ತ ಬಂದಿದ್ದೇನೆ. ಮನೆ ಬದಲಾಯಿಸಿದವರ ಹಳೆಯ ವಿಳಾಸವನ್ನು ಹೊಡೆದುಹಾಕಿ ಪಕ್ಕದಲ್ಲಿ ಹೊಸದನ್ನು ಬರೆದಿದ್ದೇನೆ. ಅದನ್ನೂ ಹೊಡೆದು ಮತ್ತೊಂದನ್ನು ಬರೆದಿದ್ದೇನೆ. ತೀರಿಕೊಂಡವರ ಹೆಸರಿನ ಮೇಲೆ ಗೆರೆ ಎಳೆಯಲು ಮಾತ್ರ ಕೈ ಬಂದಿಲ್ಲ. ಹೀಗಾಗಿ ಅದರಲ್ಲಿ ಇರುವವರು ಯಾರು, ಇಲ್ಲದವರು ಯಾರು ಎಂಬುದು ನನಗಲ್ಲದೆ ಇನ್ನೊಬ್ಬರಿಗೆ ತಿಳಿಯುವಂತಿಲ್ಲ.

ಕಳೆದ ದಸರಾ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಮೈಸೂರಿನ ದೊಡ್ಡ ಸಂಸ್ಥೆಯೊಂದರಲ್ಲಿ ಕಂಪ್ಯೂಟರುಗಳ ಜಾಲವನ್ನು ನೋಡಿಕೊಳ್ಳುವ ಕೆಲಸ ಅವನದು. ಪುಸ್ತಕವನ್ನು ತಿರುವಿಹಾಕಿ, "ಮೇಷ್ಟ್ರೇ, ಆರು ತಿಂಗಳಿಂದ ನಾನು ಮಾಡುತ್ತಿರುವುದೂ ಇದೇ ಕೆಲಸ. ನಿಮ್ಮದು ನೂರಾರು ಹೆಸರು, ನನ್ನದು ಸಾವಿರಾರು" ಎಂದು ನಕ್ಕ.

"ಯಂತ್ರಗಳಿಗೆ ಎಂಥ ವಿಳಾಸವಪ್ಪಾ?" ಎಂದೆ.

ಅವನು ವಿವರಿಸಿದ. ಜಾಲದಲ್ಲಿರುವ ಯಂತ್ರಗಳು ಒಂದನ್ನೊಂದು ಗುರುತಿಸುವುದು ಸಂಖ್ಯೆಯಿಂದ. ಬಹಳ ಕಾಲದಿಂದ ಬಳಕೆಯಲ್ಲಿರುವ ಪದ್ಧತಿಯಲ್ಲಿ ಅದು ನಾಲ್ಕು ತುಂಡುಗಳ ಸಂಖ್ಯೆ. ಒಂದೊಂದು ತುಂಡೂ 0ಯಿಂದ 255ರವರೆಗೆ ಇರಬಹುದು. ಮನುಷ್ಯರಿಗಾದರೋ ನೆನಪಿರುವುದು ಹೆಸರು. ಹೆಸರು ಹೇಳಿದರೆ ಸಂಖ್ಯೆಯನ್ನು ಹುಡುಕಿಕೊಡುವ ಏರ್ಪಾಟಿಗೆ ಡಿ.ಎನ್.ಎಸ್. ಎನ್ನುತ್ತಾರೆ. 1970ರ ದಶಕದಲ್ಲಿ ಅಮೆರಿಕದ ಜಾಲಕ್ಕೆ ಒಂದೇ ಪಟ್ಟಿ ಸಾಕಾಗಿತ್ತು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ ಎಲಿಜಬೆತ್ ಫೀನ್ಲರ್ ಎಂಬಾಕೆಯ ತಂಡ ಅದನ್ನು ಬರೆದಿಡುತ್ತಿತ್ತು. ಯಂತ್ರಗಳು ಹೆಚ್ಚಿದಂತೆ ಪಟ್ಟಿಯ ಹೊರೆ ಹೆಚ್ಚಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬಾತ, ಪ್ರತಿಯೊಂದು ಸಂಸ್ಥೆಯೂ ತನ್ನ ಹೆಸರುಗಳನ್ನು ತಾನೇ ಬರೆದಿಟ್ಟುಕೊಳ್ಳುವ ವ್ಯವಸ್ಥೆಯನ್ನು ರೂಪಿಸಿದ. ಬರೆಯುವ ಅಧಿಕಾರ ಬಂದ ಮೇಲೆ ಅಳಿಸುವ ಹೊಣೆಯೂ ಬಂತಷ್ಟೆ. ಆದರೆ ಬರೆಯುವವರಿಗೆ ಇರುವ ಉತ್ಸಾಹ ಅಳಿಸುವವರಿಗೆ ಎಲ್ಲಿಂದ ಬರಬೇಕು? ಯಂತ್ರ ಗುಜರಿಗೆ ಹೋದರೂ ಹೆಸರು ಪಟ್ಟಿಯಲ್ಲಿ ಉಳಿಯುತ್ತದೆ. 2014ರ ನವೆಂಬರ್ 1ರಂದು ನಮ್ಮ ಊರಿನ ಇಂಗ್ಲಿಷ್ ಕಾಗುಣಿತ ಬದಲಾಯಿತಲ್ಲ, ಅವನ ಪಟ್ಟಿಯಲ್ಲಿ ಎರಡು ಕಾಗುಣಿತದ ಹೆಸರುಗಳೂ ಇವೆಯಂತೆ.

"ಉಳಿದರೆ ನಷ್ಟವೇನು?"

"ಕುವೆಂಪುನಗರದ ಬಾಡಿಗೆ ಮನೆಯೊಂದನ್ನು ನೀವು ಬಿಟ್ಟಿರಿ ಎನ್ನಿ. ಯಾರಿಗೂ ತಿಳಿಸಲಿಲ್ಲ. ನಿಮ್ಮ ಕಾಗದಗಳೆಲ್ಲ ಅಲ್ಲಿಗೇ ಹೋಗುತ್ತವೆ. ಹೊಸದಾಗಿ ಬಂದವನು ಅವನ್ನು ಒಡೆದು ಓದಿ, ನಿಮ್ಮ ಹೆಸರಿನಲ್ಲೇ ಉತ್ತರ ಬರೆಯತೊಡಗಿದರೆ? ನಾವು ಬಾಡಿಗೆಗೆ ಪಡೆದು ಬಿಟ್ಟುಕೊಟ್ಟ ಸಂಖ್ಯೆ ಬೇರೊಬ್ಬನ ಪಾಲಾಗುತ್ತದೆ. ಹೆಸರು ಮಾತ್ರ ನಮ್ಮದೇ."

ಹಾಗಾದರೆ ಎಲ್ಲವನ್ನೂ ಒಂದೇ ದಿನ ಅಳಿಸಿಬಿಡಬಾರದೇ ಎಂದು ಕೇಳಬೇಕೆಂದಿದ್ದೆ. ಮಾತು ನಾಲಗೆಯ ಮೇಲೆಯೇ ನಿಂತಿತು.

1990ರ ದಶಕದ ಕೊನೆಯಲ್ಲಿ ಮತದಾರರ ಪಟ್ಟಿಯನ್ನು ಪರಿಷ್ಕರಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅಗ್ರಹಾರದ ಬೀದಿಗಳಲ್ಲಿ ಮನೆಯಿಂದ ಮನೆಗೆ ಅಲೆಯಬೇಕು. ಒಂದು ಮನೆಗೆ ಬೀಗ ಹಾಕಿತ್ತು. ಎರಡು ಸಲ ಹೋದೆ. ಮೂರನೆಯ ಸಲ ಪಕ್ಕದ ಮನೆಯವರನ್ನು ಕೇಳಿದೆ. "ಅಜ್ಜಿ ಹೋಗಿಬಿಟ್ಟರು" ಎಂದರು. ಕನ್ನಡದಲ್ಲಿ 'ಹೋಗುವುದು' ಎಂದರೆ ಎಷ್ಟು ಬಗೆ ಎಂಬುದನ್ನು ಮಕ್ಕಳಿಗೆ ಪಾಠ ಹೇಳುವ ನಾನು, ಬಿಸಿಲಿನ ಬೇಸರದಲ್ಲಿ, ಎಲ್ಲಿಗೆ ಎಂದು ಕೇಳಲಿಲ್ಲ. 'ಮೃತರು' ಎಂದು ಬರೆದುಕೊಂಡು ಮುಂದಿನ ಮನೆಗೆ ನಡೆದೆ.

ಮತದಾನದ ದಿನ ಸಾಲಿನಲ್ಲಿ ನಿಂತಿದ್ದಾಗ ಮುಂದುಗಡೆ ಗೊಂದಲವಾಯಿತು. ನಂಜನಗೂಡಿನ ಮಗಳ ಮನೆಯಿಂದ ಬೆಳಗಿನ ಬಸ್ಸಿನಲ್ಲಿ ಬಂದಿದ್ದ ಮುದುಕಿಯೊಬ್ಬರು ಗುರುತಿನ ಚೀಟಿ ಹಿಡಿದು ನಿಂತಿದ್ದರು. ಚೀಟಿ ಇದ್ದರೇನು, ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಮತವಿಲ್ಲ. "ನಾನು ಸತ್ತೆ ಅಂತ ಬರೆದವರು ಯಾರಪ್ಪಾ?" ಎಂದು ಅವರು ಸಾಲಿನ ಉದ್ದಕ್ಕೂ ಒಮ್ಮೆ ನೋಡಿದರು. ಅಂದು ನಾನು ಬಾಯಿ ಬಿಡಲಿಲ್ಲ. ಮರುವಾರ ಅವರ ಮನೆಗೆ ಹೋಗಿ ನಿಜವನ್ನು ಒಪ್ಪಿಕೊಂಡು, ಹೆಸರು ಸೇರಿಸುವ ಆರನೆಯ ನಮೂನೆಯನ್ನು ನಾನೇ ತುಂಬಿದೆ. ಬೈಯಲಿಲ್ಲ, ಕಾಫಿ ಕೊಟ್ಟರು. ಮುಂದಿನ ಚುನಾವಣೆಯ ಹೊತ್ತಿಗೆ ಅವರು ನಿಜವಾಗಿಯೂ ಇರಲಿಲ್ಲ. ಹೆಸರು ತೆಗೆಯುವ ಏಳನೆಯ ನಮೂನೆಯನ್ನು ತುಂಬಲು ಅವರ ಮಗಳು ನನ್ನಲ್ಲಿಗೇ ಬಂದಳು.

ಇದನ್ನು ಕೇಳಿ ನನ್ನ ಶಿಷ್ಯ ಸ್ವಲ್ಪ ಹೊತ್ತು ಸುಮ್ಮನಿದ್ದ. ಬಳಿಕ ತನ್ನ ರೀತಿಯನ್ನು ಹೇಳಿದ. ಪ್ರತಿಯೊಂದು ಹೆಸರನ್ನೂ ಯಾರಾದರೂ ಕೇಳುತ್ತಿದ್ದಾರೆಯೇ ಎಂದು ಅವನು ಮೊದಲು ತಿಂಗಳುಗಟ್ಟಲೆ ಕಾದು ನೋಡುತ್ತಾನೆ. ಒಮ್ಮೆ ಪಡೆದ ಉತ್ತರವನ್ನು ಬೇರೆ ಯಂತ್ರಗಳು ಕೆಲಕಾಲ, ಅನೇಕ ವೇಳೆ 86,400 ಸೆಕೆಂಡು, ಎಂದರೆ ಒಂದು ದಿನ, ನೆನಪಿಟ್ಟುಕೊಳ್ಳುತ್ತವೆ. ಆ ಅವಧಿಯನ್ನು ಐದು ನಿಮಿಷಕ್ಕೆ ಇಳಿಸುತ್ತಾನೆ. ತಪ್ಪಾದರೆ ತಿದ್ದುಪಡಿ ಬೇಗ ತಲಪಲೆಂದು. ಅಳಿಸಿದ್ದನ್ನೆಲ್ಲ ಬೇರೆ ಕಡೆ ಬರೆದಿಡುತ್ತಾನೆ. ಒಂದು ಹೆಸರನ್ನು ಇಪ್ಪತ್ತೊಂಬತ್ತು ದಿನ ಯಾರೂ ಕೇಳಲಿಲ್ಲವಂತೆ. ಮೂವತ್ತನೆಯ ದಿನ ಒಂದೇ ಒಂದು ಸಲ ಕೇಳಿದರು. ಹುಡುಕಿಕೊಂಡು ಹೋದರೆ, ಉಗ್ರಾಣದ ಮೂಲೆಯಲ್ಲಿ ಧೂಳು ತಿನ್ನುತ್ತ ಕುಳಿತಿದ್ದ ಹಳೆಯ ಯಂತ್ರ. ತಿಂಗಳಿಗೊಮ್ಮೆ ನಿವೃತ್ತರ ಪಿಂಚಣಿಯ ಲೆಕ್ಕ ಕಳಿಸುವುದು ಅದರ ಕೆಲಸ. ಪಿಂಚಣಿ ಎಂಬ ಮಾತು ಕೇಳಿ ನನ್ನ ಕಿವಿ ನೆಟ್ಟಗಾಯಿತೆಂದು ಬೇರೆ ಹೇಳಬೇಕಾಗಿಲ್ಲ.

ಅವನು ಹೋದ ಮೇಲೆ ಕೆಂಪು ಪುಸ್ತಕವನ್ನು ತೆರೆದು ಕುಳಿತೆ. ತೀರಿಕೊಂಡರೆಂದು ಖಚಿತವಾಗಿ ಬಲ್ಲವರ ಹೆಸರಿನ ಪಕ್ಕದಲ್ಲಿ ಪೆನ್ಸಿಲಿನಿಂದ ಇಸವಿ ಬರೆದೆ. ಏನಾದರೆಂದು ತಿಳಿಯದವರು ಮೂವರು ಉಳಿದರು. ಮೂವರಿಗೂ ಒಂದೊಂದು ಕಾರ್ಡು ಹಾಕಿದೆ. ಒಂದಕ್ಕೆ ಉತ್ತರ ಬಂದಿದೆ.