ಸಣ್ಣ ಕಾಳಿನ ಬೆಲೆ

ಹಳೇ ಹುಬ್ಬಳ್ಳಿಯ ಹಣ್ಣಿನ ದಲಾಲಿ ಅಂಗಡಿಯೊಂದರಲ್ಲಿ ಅಪ್ಪ ಲೆಕ್ಕ ಬರೆಯುತ್ತಿದ್ದರು. ಸಂಕ್ರಾಂತಿ ದಾಟಿತೆಂದರೆ ವಿಜಯಪುರದ ಬಿಳಿ ದ್ರಾಕ್ಷಿ ಬಿದಿರು ಬುಟ್ಟಿಗಳಲ್ಲಿ ಬಂದಿಳಿಯುತ್ತಿತ್ತು. ಬುಟ್ಟಿ ಬಿಚ್ಚಿದ ಕೂಡಲೇ ಎಲ್ಲರ ಕಣ್ಣು ಹೋಗುತ್ತಿದ್ದುದು ಕಾಳಿನ ಗಾತ್ರದ ಮೇಲೆ. ದಪ್ಪ ಕಾಳಿಗೆ ದರ ಏರುತ್ತಿತ್ತು. ಸಣ್ಣದು ಎಷ್ಟೇ ಸಿಹಿಯಿದ್ದರೂ ಮೂಲೆ ಸೇರುತ್ತಿತ್ತು.

ಅದರ ಬಿಸಿ ಬೆಳೆಗಾರರಿಗೆ ಹೇಗೆ ತಟ್ಟುತ್ತದೆಂಬುದು ತಿಳಿದದ್ದು ಅಪ್ಪನ ಜೊತೆ ವಿಜಯಪುರ ಸೀಮೆಯ ತಿಕೋಟಾಕ್ಕೆ ಹೋದಾಗ. ಅಲ್ಲಿ ಥಾಮ್ಸನ್ ಸೀಡ್‌ಲೆಸ್ ತಳಿಯ ಹಳೇ ಚಪ್ಪರವಿತ್ತು. ಕಸಿ ಕಾಣದ, ಸ್ವಂತ ಬೇರಿನ ಬಳ್ಳಿಗಳು. ಬುಡಕ್ಕೆ ತಿಪ್ಪೆಗೊಬ್ಬರ, ಏಪ್ರಿಲ್‌ನಲ್ಲಿ ಕಡ್ಡಿಗಾಗಿ ಒಂದು ಚಾಟ್ನಿ ಅಂದರೆ ಸವರುವಿಕೆ, ಅಕ್ಟೋಬರ್‌ನಲ್ಲಿ ಹಣ್ಣಿಗಾಗಿ ಇನ್ನೊಂದು. ಡೌನಿ ರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ. ಫ್ರಾನ್ಸಿನ ವೈನ್ ಸೀಮೆಯಲ್ಲಿ 1880ರ ದಶಕದಲ್ಲಿ ಹುಟ್ಟಿದ ಆ ಮದ್ದು ನಮ್ಮ ರೈತರ ಕೈಗೂ ಒಗ್ಗಿತ್ತು.

“ಕಾಳ ಸಣ್ಣ ಅದಾವ್ರೀ, ಖರೆ ಸಿಹಿ ಬಾಳ. ಪ್ಯಾಟ್ಯಾಗ ನಾಲಿಗಿ ಯಾರ ಕೇಳ್ತಾರ್ರೀ?” ಅಂದಿದ್ದರು ತೋಟದ ಹಿರಿಯರು.

ಪೇಟೆ ಕೇಳಿದಂತೆ ತೋಟ ಬದಲಾಯಿತು. ಕಾಳು ಹಿಗ್ಗಿಸಲು ಗೊಂಚಲುಗಳನ್ನು ಜಿಬ್ಬರೆಲಿಕ್ ಆಮ್ಲದಲ್ಲಿ ಅದ್ದತೊಡಗಿದರು. ಸವಳು ನೆಲ, ನೀರಿನ ಬರ ತಾಳಲೆಂದು ಡಾಗ್‌ರಿಡ್ಜ್ ಎಂಬ ತಳಿಯ ಬೇರಿನ ಮೇಲೆ ಕಸಿ ಕಟ್ಟಿದರು. ಬುಟ್ಟಿ ಹೋಗಿ ರಟ್ಟಿನ ಪೆಟ್ಟಿಗೆ ಬಂತು. ಮಾರಿ ಮಿಕ್ಕಿದ್ದು ಒಣದ್ರಾಕ್ಷಿಯ ಶೆಡ್ಡಿಗೆ ಹೋಯಿತು. ಇಳುವರಿ ಇಳಿದ ಹಳೇ ಬಳ್ಳಿಗಳು ಒಲೆಗೆ ಸೌದೆಯಾದವು.

2007ರಲ್ಲಿ ರಾಜ್ಯದ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂತು. ಆಮೇಲೆ ವೈನರಿಯೊಂದರಲ್ಲಿ ಬಿಳಿ ವೈನ್ ಮಾಡುವುದನ್ನು ಹತ್ತಿರದಿಂದ ನೋಡಿದೆ. ಹಿಂಡಿದ ಕೂಡಲೇ ರಸವನ್ನು ಸಿಪ್ಪೆಯಿಂದ ಬೇರ್ಪಡಿಸಿ, ತಂಪಾದ ಸ್ಟೀಲ್ ತೊಟ್ಟಿಯಲ್ಲಿ ನಿಧಾನ ಹುಳಿಯಲು ಬಿಡುತ್ತಾರೆ. ನಮ್ಮ ಬಿಸಿಲಿಗೆ ಹಣ್ಣು ಸಿಹಿಯೇರಿದಷ್ಟೂ ಹುಳಿ ಕಳೆದುಕೊಳ್ಳುತ್ತದೆ. ಹುಳಿಯಿಲ್ಲದ ಬಿಳಿ ವೈನ್ ಸಪ್ಪೆ. ಆದ್ದರಿಂದ ಕೊಯ್ಲಿನ ದಿನ ಗೊತ್ತುಮಾಡುವುದೇ ದೊಡ್ಡ ವಿದ್ಯೆ. ಅಲ್ಲಿ ದಪ್ಪ ಕಾಳನ್ನು ಯಾರೂ ಹೊಗಳಲಿಲ್ಲ. ಕಾಳು ಸಣ್ಣದಿದ್ದಷ್ಟು ರುಚಿ ಗಟ್ಟಿ, ಗೊಂಚಲು ಕಡಿಮೆಯಿದ್ದಷ್ಟು ಒಳ್ಳೆಯದು ಎಂದರು. ಪೇಟೆ ಮೂಲೆಗೆ ತಳ್ಳಿದ್ದ ಗುಣವೇ ಅಲ್ಲಿ ಬೇಕಾಗಿತ್ತು.

ಥಾಮ್ಸನ್ ಮೂಲತಃ ತಿನ್ನುವ ಹಣ್ಣು, ಶೆನಿನ್ ಬ್ಲಾಂಕ್‌ನಂಥ ವೈನ್ ತಳಿಯ ಘಮ ಅದಕ್ಕಿಲ್ಲ ಎಂಬ ಮಾತು ನಿಜ. ಆದರೆ ಔಷಧಿಯಲ್ಲಿ ಅದ್ದದ, ಆಳಕ್ಕೆ ಬೇರಿಳಿಸಿದ ಹಳೇ ಬಳ್ಳಿಯ ರಸ ಎಂಥದ್ದೆಂದು ಬೇರೆಯಾಗಿ ಹಿಂಡಿ ನೋಡಿದವರು ಕಡಿಮೆ. ವಿಜಯಪುರ, ಬಾಗಲಕೋಟೆ ಕಡೆ ಅಂಥ ಸಾಲು ಉಳಿದಿದ್ದರೆ ಕೀಳುವ ಮುನ್ನ ಒಂದು ಹಂಗಾಮಾದರೂ ಆ ಹಣ್ಣನ್ನು ವೈನಿಗೆ ಕೊಟ್ಟು ನೋಡಬೇಕು. ಕೊಳ್ಳುವವರು ತೂಕ ಬಿಟ್ಟು ರಸಕ್ಕೆ ಬೆಲೆ ಕಟ್ಟಬೇಕು. ಹೊಸ ಬಳ್ಳಿಯನ್ನು ಯಾವ ವರ್ಷವಾದರೂ ನೆಡಬಹುದು. ಹಳೇ ಬಳ್ಳಿಯನ್ನು ನೆಡಲಾಗದು.