ಜರುಗದ ಕೈ

ನಿನ್ನೆ ಅಕ್ಕ ಊರಿನಿಂದ ಬಂದಳು. ಊಟವಾದ ಮೇಲೆ ಪಡಸಾಲೆಯಲ್ಲಿ ಕೂತು "ಬಾ ಅಕ್ಕ, ಚಪ್ಪಾಳೆ ತಟ್ಟೋಣ" ಅಂದೆ. ಅಮೆರಿಕದ ಸ್ಟೀವ್ ರೈಶ್ 1972ರಲ್ಲಿ ಬರೆದ 'ಕ್ಲ್ಯಾಪಿಂಗ್ ಮ್ಯೂಸಿಕ್' ವಾರದಿಂದ ನನ್ನ ತಲೆಯೊಳಗೆ ಸುತ್ತುತ್ತಿತ್ತು. ಇಬ್ಬರು, ನಾಲ್ಕು ಕೈ, ಅಷ್ಟೇ ವಾದ್ಯ. ಮೂರು ಪೆಟ್ಟು, ಬಿಡುವು, ಎರಡು, ಬಿಡುವು, ಒಂದು, ಬಿಡುವು, ಮತ್ತೆ ಎರಡು, ಬಿಡುವು. ಒಟ್ಟು 12 ಎಣಿಕೆ. ಮೊದಲು ಇಬ್ಬರೂ ಒಟ್ಟಿಗೆ. ಆಮೇಲೆ ಒಬ್ಬರು ಇದ್ದಲ್ಲೇ ಇರುತ್ತಾರೆ, ಇನ್ನೊಬ್ಬರು ಒಂದೊಂದೇ ಎಣಿಕೆ ಮುಂದಕ್ಕೆ ಜರುಗುತ್ತಾರೆ. 12 ಸಲ ಜರುಗಿದರೆ ಇಬ್ಬರೂ ಮತ್ತೆ ಒಂದಾಗುತ್ತಾರೆ.

ಜರುಗುವುದು ನಾನು, ನಿಲ್ಲುವುದು ಅಕ್ಕ. ಮೊದಲ ಜರುಗಿಗೇ ಅವಳ ಕೈ ನನ್ನ ಕಡೆ ವಾಲಿತು. "ತಡಿಯೋ, ನಿಂದು ಕಿವಿಗೆ ಬಿದ್ರೆ ನಂದು ಮರ್ತೇ ಹೋಗುತ್ತೆ." ಕಣ್ಣು ಮುಚ್ಚಿ, ತುಟಿಯೊಳಗೇ ತಕಿಟ ಅಂದುಕೊಂಡು, ನಾಲ್ಕನೇ ಸಲಕ್ಕೆ ಗಟ್ಟಿಯಾಗಿ ನಿಂತಳು. ಆಗ ನೋಡಿ, ನಾನೂ ತಟ್ಟದ, ಅವಳೂ ತಟ್ಟದ ಮೂರನೆಯ ಲಯವೊಂದು ನಮ್ಮ ನಡುವೆ ಕೇಳಿಸತೊಡಗಿತು. ಅವಳು ಕದಲಿದ್ದರೆ ಅದು ಹುಟ್ಟುತ್ತಲೇ ಇರಲಿಲ್ಲ.

ರೈಶ್ 1970ರಲ್ಲಿ ಘಾನಾಕ್ಕೆ ಹೋಗಿ ಎವೆ ಜನರ ಡೋಲುವಾದನ ಕಲಿತವರು. ಅಲ್ಲಿ ಡೋಲುಗಳು ಎಷ್ಟೇ ಮಾತಾಡಲಿ, ಗಂಕೊಗುಯಿ ಎಂಬ ಕಬ್ಬಿಣದ ಜೋಡಿಗಂಟೆ ತನ್ನ ವರಸೆ ಬಿಡುವುದಿಲ್ಲ. ಮರುವರ್ಷ ಬಂದ ಅವರ 'ಡ್ರಮ್ಮಿಂಗ್' ಕೃತಿ ಶುರುವಾಗುವುದು ಬಾಂಗೊ ಡೋಲಿನ ಮೇಲಿನ ಒಂದೇ ಒಂದು ಪೆಟ್ಟಿನಿಂದ. ಒಂದೊಂದು ಬಿಡುವಿನ ಜಾಗಕ್ಕೂ ಒಂದೊಂದು ಪೆಟ್ಟು ಬಂದು ಕೂರುತ್ತದೆ. ಮುಂದೆ ಮರಿಂಬಾ, ಗ್ಲಾಕೆನ್‌ಸ್ಪೀಲ್‌ಗಳೂ ಸೇರುತ್ತವೆ. ಇಲ್ಲಿ ಜರುಗುವುದು ಇನ್ನೂ ನಾಜೂಕು. ಒಬ್ಬರು ಕೂದಲೆಳೆಯಷ್ಟು ವೇಗ ಹೆಚ್ಚಿಸುತ್ತಾ ಒಂದು ಎಣಿಕೆ ಮುಂದೆ ಹೋಗುವವರೆಗೆ, ಪಕ್ಕದವರು ಕಾಲ ಬಿಡಬಾರದು.

ರೈಶ್ ಅವರ ತಂಡದಲ್ಲಿ 'ಡ್ರಮ್ಮಿಂಗ್' ಕಾಲದಿಂದ ಇದ್ದ ರಸೆಲ್ ಹಾರ್ಟೆನ್‌ಬರ್ಗರ್ ಮೃದಂಗ ಕಲಿತವರು. ಟೊರಾಂಟೊದ ತಾಳವಾದ್ಯ ತಂಡ 'ನೆಕ್ಸಸ್' ಕಟ್ಟಿದವರಲ್ಲೂ ಒಬ್ಬರು. ಅವರ ಕೈಗೆ ಮೃದಂಗದ ಪಾಠ ಬಿದ್ದಿತ್ತು ಎಂದು ತಿಳಿದಾಗ ನನಗೆ ತುಂಬಾ ಸಂತೋಷವಾಯಿತು. ನಮ್ಮ ಸಂಗೀತ ಕಛೇರಿಯಲ್ಲಿ ತನಿ ಆವರ್ತನ, ಅಂದರೆ ತಾಳವಾದ್ಯಗಳ ಸರದಿ, ನಡೆಯುವಾಗ ನಾನು ಈಗೀಗ ನೋಡುವುದು ಗಾಯಕರ ತೊಡೆಯ ಮೇಲಿನ ಕೈಯನ್ನು. ಮೃದಂಗ, ಘಟ ಎಲ್ಲೆಲ್ಲೋ ಹೋಗಿ ಬರುತ್ತವೆ. ಆ ಕೈ ಮಾತ್ರ ತಟ್ಟು, ಬೆರಳು, ತಿರುವು ಅಂತ ಅಲ್ಲೇ ಇರುತ್ತದೆ. ಚಪ್ಪಾಳೆಯಲ್ಲಿ ಅರ್ಧ ಪಾಲು ಅದಕ್ಕೂ ಸಲ್ಲಬೇಕು.

ರಾತ್ರಿ ಪಾಲು ಅದಲುಬದಲು ಮಾಡಿಕೊಂಡೆವು. ನಾನು ನಿಂತೆ, ಅಕ್ಕ ಜರುಗಿದಳು. ಐದನೆಯ ಜರುಗಿನವರೆಗೆ ಬಂದಿದ್ದೇವೆ. ನಾಳೆ ಒಂಬತ್ತಕ್ಕೆ ಅವಳ ಬಸ್ಸು. ಕಾಫಿ ಕುಡಿದು ಇನ್ನೊಮ್ಮೆ ಕೂರುವುದು ಅಂತ ಮಾತಾಗಿದೆ.